ಮಾಯಿ ಲಿಕೊಂಗ್ವೆ ಅಳತೆಪಟ್ಟಿಯನ್ನು ತೂಗಿದ್ದು

ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಮೀಟರುದ್ದದ ಅಳತೆಪಟ್ಟಿಗಳು ಹನ್ನೆರಡಿವೆ. ಅಂಗಡಿಯಿಂದ ತಂದದ್ದು ಒಂದೂ ಅಲ್ಲ. ಮುಲಾಂಜೆ ಬೆಟ್ಟದ ತಪ್ಪಲಿನ ಬಡಗಿಯೊಬ್ಬ ಪೈನ್ ಮರ ಸೀಳಿ ಕೊಟ್ಟ. ಪ್ರಯೋಗಾಲಯ ನೋಡಿಕೊಳ್ಳುವ ಮಾಯಿ ಲಿಕೊಂಗ್ವೆ ಸೂಜಿಯನ್ನು ಕೆಂಡದಲ್ಲಿ ಕಾಯಿಸಿ ಒಂದೊಂದು ಪಟ್ಟಿಗೂ ಸಾವಿರ ಗೆರೆ ಸುಟ್ಟರು. ಒಂದು ಬೇಸಿಗೆ ರಜೆ ಪೂರ್ತಿ ಅದಕ್ಕೇ ಹೋಯಿತಂತೆ. ಗೆರೆ ಎಳೆಯಿರಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ನಾನು ಭೌತಶಾಸ್ತ್ರ ಕಲಿಸಲು ಇಲ್ಲಿಗೆ ಬಂದಾಗ ನನ್ನ ಮಗಳು ಉಲೆಮುವಿಗೆ ಎಂಟು ತಿಂಗಳು. ಅವಳನ್ನು ಚಿಟೇಂಜೆ ಬಟ್ಟೆಯಲ್ಲಿ ಬೆನ್ನಿಗೆ ಬಿಗಿದುಕೊಂಡು ಪ್ರಯೋಗಾಲಯದ ಬಾಗಿಲಲ್ಲಿ ನಿಂತಿದ್ದೆ. ಒಳಗಿಂದ ನೀಲಿ ಕೋಟಿನ ಗಟ್ಟಿಮುಟ್ಟಾದ ಹೆಂಗಸೊಬ್ಬರು ಬಂದು ಮೊದಲು ಮಗುವನ್ನು ನೋಡಿದರು, ಆಮೇಲೆ ನನ್ನನ್ನು. ಅವರೇ ಲಿಕೊಂಗ್ವೆ, ಎಲ್ಲರೂ ಮಾಯಿ, ಅಂದರೆ ಅಮ್ಮ, ಎಂದು ಕರೆಯುವವರು.

"ಹೊಸ ಮಾಡಂ ನೀವೇನಾ? ಮಗೂನ ಇಲ್ಲಿ ಕೊಡಿ. ಆಸಿಡ್ ಬಾಟಲಿ ಇರೋ ಕಡೆ ಬೆನ್ನ ಮೇಲೆ ಮಗು ಇಟ್ಕೊಂಡು ಬಗ್ಗಬಾರದು."

ಮಗುವನ್ನು ತಮ್ಮ ಬೆನ್ನಿಗೆ ಕಟ್ಟಿಕೊಂಡು, ಆಸಿಡ್ ಬಾಟಲಿಗಳಿಗೆ ಬೆನ್ನು ತಿರುಗಿಸದೆ, ಪಕ್ಕಕ್ಕೆ ಏಡಿಯಂತೆ ನಡೆಯುತ್ತ ಅವರು ನನಗೆ ಕಪಾಟುಗಳನ್ನು ತೋರಿಸಿದರು. ಸಾರ್ಡೀನ್ ಡಬ್ಬಿಗೆ ಮರಳು ತುಂಬಿ ಮಾಡಿದ ತೂಕಗಳು, ಸೈಕಲ್ ಕಡ್ಡಿಯ ಕೊಕ್ಕೆಗಳು, ಬಲೆ ನೇಯುವ ದಾರದ ಉಂಡೆಗಳು. ಎಲ್ಲದಕ್ಕೂ ಜಾಗ, ಎಲ್ಲದಕ್ಕೂ ಚೀಟಿ.

ಹದಿನೈದು ವರ್ಷದ ಹಿಂದೆ ಅವರು ಇಲ್ಲಿಗೆ ಬಂದದ್ದು ಹಾಸ್ಟೆಲಿನ ಅಡುಗೆಮನೆಗೆ. ದೋಣಿಯ ಹುಟ್ಟಿನಷ್ಟು ಉದ್ದದ ಮರದ ಸೌಟಿನಲ್ಲಿ ಇನ್ನೂರು ಜನರ ನ್ಸಿಮಾ, ಮೆಕ್ಕೆಜೋಳದ ಮುದ್ದೆ, ತಿರುವುವ ಕೆಲಸ. ಒಂದು ದಿನ ಅಂದಿನ ವಿಜ್ಞಾನದ ಮೇಷ್ಟ್ರು ಗಾಜಿನ ಕೊಳವೆ ತೊಳೆಯಲು ಕರೆದರು. ತೊಳೆದವರು ಒಣಗಿಸಿದರು, ಒಣಗಿಸಿದವರು ಜೋಡಿಸಿದರು, ವರ್ಷ ಕಳೆಯುವಷ್ಟರಲ್ಲಿ ಕೀಲಿಕೈ ಅವರ ಸೊಂಟಕ್ಕೆ ಬಂದಿತ್ತು. ಓದಿದ್ದು ಹೈಸ್ಕೂಲಿನ ಎರಡನೇ ತರಗತಿವರೆಗೆ ಮಾತ್ರ. ಆಮೇಲೆ ಮದುವೆ, ಮೂರು ಮಕ್ಕಳು, ಟೀ ತೋಟದ ಕೂಲಿ.

ಹೈಸ್ಕೂಲು ಮುಗಿಸಿದ ಸರ್ಟಿಫಿಕೇಟ್ ಇಲ್ಲದವರು ಇನ್ನು ಪ್ರಯೋಗಾಲಯದಲ್ಲಿರುವ ಹಾಗಿಲ್ಲ ಎಂದು ನಾನು ಬರುವ ಮೊದಲೇ ಶಾಲಾ ಸಮಿತಿ ತೀರ್ಮಾನಿಸಿತ್ತು. ಮಾಯಿ ಹಟ ಹಿಡಿದು ಖಾಸಗಿಯಾಗಿ ಪರೀಕ್ಷೆ ಕಟ್ಟಿದರು. ಸರ್ಟಿಫಿಕೇಟಿಗೆ ಆರು ವಿಷಯ ಬೇಕು. ಇಂಗ್ಲಿಷ್ ಸೇರಿ ಐದು ದಾಟಿದವು. ಆರನೆಯದರಲ್ಲಿ, ಹದಿನಾಲ್ಕು ವರ್ಷ ತಾವೇ ಜೋಡಿಸಿಕೊಟ್ಟ ಭೌತಶಾಸ್ತ್ರದಲ್ಲಿ, ಫೇಲು.

ಸಂತೆಯ ಹೆಂಗಸರಿಗೆ ಬೇರೆ ಮಾತೇ ಬೇಡವಾಯಿತು. "ಬಾಗಿಲ ಕೀಲಿಕೈ ಇವಳ ಹತ್ತಿರಾನೇ ಇತ್ತು. ಒಳಗೆ ಹೋಗೋಕೆ ಮಾತ್ರ ಆಗ್ಲಿಲ್ಲ ನೋಡು" ಎಂದು ಟೊಮೇಟೊ ಗುಡ್ಡೆ ಹಾಕುತ್ತ ಒಬ್ಬಳು ನನ್ನೆದುರೇ ಅಂದಳು. ಮಾಯಿ ಆ ಗುಡ್ಡೆಯಲ್ಲಿದ್ದ ಕೊಳೆತ ಹಣ್ಣನ್ನು ಎತ್ತಿ ಪಕ್ಕಕ್ಕಿಟ್ಟು, "ಇದನ್ನ ಬದಲಾಯಿಸು" ಅಂದರು, ಅಷ್ಟೇ.

ಹೆಡ್ಮಾಸ್ತರು ನಜೊಂಬೆ, ಎಲ್ಲರ ಬಾಯಲ್ಲಿ ಬಾಂಬೊ, ಅಂದರೆ ಅಪ್ಪ, ಕೆಟ್ಟವರಲ್ಲ. ಒಂದು ವರ್ಷ ಗಡುವು ಕೊಟ್ಟಿದ್ದರು. ಈ ಸಲವೂ ಆಗದಿದ್ದರೆ ಮತ್ತೆ ಅಡುಗೆಮನೆಯ ಸೌಟು.

ಮೊದಲ ವಾರದಲ್ಲೇ ಮಾಯಿ ನನ್ನ ಮನೆಗೆ ಬೇಯಿಸಿದ ಗೆಣಸು ತಂದು ನೇರವಾಗಿ ಕೇಳಿದರು. ಶಾಲೆಯಲ್ಲಿ ನಾನು ಅವರಿಗೆ ಮಾಡಂ. ಮನೆಯಂಗಳದಲ್ಲಿ ಅಮಾಕೆ ಉಲೆಮು, ಉಲೆಮುವಿನ ತಾಯಿ.

"ಅಮಾಕೆ ಉಲೆಮು, ನಿಮಗೆ ಮಗು ಹಿಡಿಯೋಕೆ ಜನ ಬೇಕು. ನನಗೆ ಪಾಠ ಹೇಳೋಕೆ ಜನ ಬೇಕು. ಯಾರಿಗೂ ನಷ್ಟ ಇಲ್ಲ."

"ಮಾಯಿ, ಪ್ರಯೋಗ ಎಲ್ಲ ನನಗಿಂತ ನಿಮಗೇ ಚೆನ್ನಾಗಿ ಗೊತ್ತಲ್ಲ. ಫೇಲಾಗಿದ್ದು ಯಾಕೆ?"

"ಅದನ್ನ ಹೇಳೋಕೇ ನೀವು ಬೇಕಾಗಿರೋದು."

ಆ ಯಾಕೆ ಎನ್ನುವುದು ಗೊತ್ತಾದದ್ದು ಏಪ್ರಿಲಿನಲ್ಲಿ, ಪೂರ್ವಸಿದ್ಧತಾ ಪರೀಕ್ಷೆಯ ದಿನ.

ಪ್ರಯೋಗ ಸುಲಭದ್ದು. ಪಟ್ಟಿಯ ನಡುವಿಗೆ ದಾರ ಕಟ್ಟಿ ತೂಗುಹಾಕಬೇಕು. ಎಡಗಡೆ ನೂರು ಗ್ರಾಮಿನ ತೂಕ. ಬಲಗಡೆ ಇನ್ನೊಂದು ತೂಕವನ್ನು ಅತ್ತಿತ್ತ ಸರಿಸುತ್ತ ಪಟ್ಟಿ ಮಟ್ಟವಾಗಿ ನಿಲ್ಲುವ ಜಾಗ ಹುಡುಕಬೇಕು. ತೂಕವನ್ನು ಅದು ದಾರದಿಂದ ಇರುವ ದೂರದಿಂದ ಗುಣಿಸಿದರೆ ಬರುವುದೇ ತಿರುಗುಬಲ. ಎರಡೂ ಕಡೆಯದು ಸಮವಾದಾಗ ಪಟ್ಟಿ ನಿಲ್ಲುತ್ತದೆ. ಬಲಗಡೆಗೆ ಯಾವಾಗಲೂ ಐವತ್ತು ಗ್ರಾಮ್ ಕೊಡುತ್ತಿದ್ದರು. ಆ ದಿನ ನಾನು ಎಂಬತ್ತು ಗ್ರಾಮಿನ ಬೋಲ್ಟನ್ನು ಕಾಗದದಲ್ಲಿ ಸುತ್ತಿ ಕೊಟ್ಟಿದ್ದೆ.

ಮಕ್ಕಳ ಜೊತೆ ಪರೀಕ್ಷೆಗೆ ಕೂತಿದ್ದ ಮಾಯಿ ಎಲ್ಲರಿಗಿಂತ ಮೊದಲು ಮುಗಿಸಿದರು. ಅಕ್ಷರ ಮುತ್ತಿನಂತೆ. ದಾರದಿಂದ ಎಡಕ್ಕೆ ಹತ್ತು ಸೆಂಟಿಮೀಟರ್ ಇದ್ದರೆ ಬಲಕ್ಕೆ ಇಪ್ಪತ್ತು, ಹದಿನೈದಕ್ಕೆ ಮೂವತ್ತು, ಇಪ್ಪತ್ತಕ್ಕೆ ನಲವತ್ತು. ಎಲ್ಲವೂ ಐವತ್ತು ಗ್ರಾಮಿಗೆ ಬರುವ ಉತ್ತರ, ಎಂಬತ್ತಕ್ಕೆ ಒಂದೂ ಸರಿಯಿಲ್ಲ. ಅವರ ಮೇಜಿನ ಬಳಿ ಹೋಗಿ ನೋಡಿದರೆ, ಪಟ್ಟಿಯ ಎಡತುದಿಗೆ ಮೋಂಬತ್ತಿಯ ದೊಡ್ಡ ತುಂಡೊಂದು ಮೆತ್ತಿಕೊಂಡಿತ್ತು. ತೂಕ ದಾರದಿಂದ ಇಪ್ಪತ್ತರ ದೂರದಲ್ಲಿ, ಪಟ್ಟಿ ನೆಟ್ಟಗೆ ಮಟ್ಟವಾಗಿ.

"ಮಾಯಿ, ಇದೇನಿದು?"

"ಪಟ್ಟಿ ಕೆಟ್ಟಿತ್ತು ಮಾಡಂ. ಇಪ್ಪತ್ತಕ್ಕೆ ಇಟ್ಟರೆ ಬಲಕ್ಕೆ ವಾಲ್ತಿತ್ತು. ಸರಿ ಮಾಡ್ದೆ."

"ಉಳಿದ ಎರಡು ಅಳತೆ?"

"ಅವನ್ನ ನೋಡ್ಬೇಕಾ? ಮೂವತ್ತು, ನಲವತ್ತು. ಹದಿನಾಲ್ಕು ವರ್ಷದಿಂದ ಅಷ್ಟೇ ಬರೋದು."

ಪಕ್ಕದ ಮೇಜಿನ ಎಸ್ನಾತಿ ತಲೆ ಬಗ್ಗಿಸಿ ನಕ್ಕಳು. ತರಗತಿಗೆಲ್ಲ ಬಾಯಿ ಜೋರಿನ ಹುಡುಗಿ. ನನಗೂ ನಗು ಬರುವುದರಲ್ಲಿತ್ತು. ಮಾಯಿಯ ಮುಖ ನೋಡಿ ನುಂಗಿಕೊಂಡೆ. ಆ ಹಾಳೆಗೆ ಸೊನ್ನೆ ಬಿಟ್ಟು ಬೇರೆ ಅಂಕ ಕೊಡುವ ಹಾಗಿರಲಿಲ್ಲ.

ಎರಡು ದಿನ ಅವರು ನನ್ನನ್ನು ಮಾತಾಡಿಸಲಿಲ್ಲ. ಉಲೆಮುವನ್ನು ಮಾತ್ರ ದಿನವೂ ಬಂದು ಎತ್ತಿಕೊಂಡು ಹೋಗುತ್ತಿದ್ದರು, ಅಂಗಳದ ಕಸವನ್ನೊಮ್ಮೆ ನೋಡಿ, ನನ್ನನ್ನು ನೋಡದೆ. ಮೂರನೆಯ ದಿನ ಮಧ್ಯಾಹ್ನ ತೊಗರಿ ಸುಲಿಯುತ್ತ ಕೂತಿದ್ದಾಗ ತಾವೇ ಬಾಯಿಬಿಟ್ಟರು.

"ಮಕ್ಕಳು ತಪ್ಪು ಉತ್ತರ ಬರೆದರೆ ಹಿಂದಿನ ಮೇಷ್ಟ್ರು ನನ್ನ ಬೈತಿದ್ರು. ಸಾಮಾನು ಸರಿ ಇಟ್ಟಿಲ್ಲ ನೀನು ಅಂತ. ಅದಕ್ಕೇ ನಾನು ಪ್ರತಿ ಪಟ್ಟೀನೂ ಮೊದಲೇ ತೂಗಿ, ಹಗುರ ಇರೋ ಕಡೆ ಮೇಣ ಮೆತ್ತಿ, ಸರಿಯಾಗಿ ನಡುವಿನ ಐವತ್ತರ ಗೆರೆಗೆ ನಿಲ್ಲೋ ಹಾಗೆ ಮಾಡಿಡ್ತಿದ್ದೆ. ಮಕ್ಕಳು ಬಂದು ಕಣ್ಣು ಮುಚ್ಚಿ ಐವತ್ತು ಅಂತ ಬರ್ಕೊಂಡು ಹೋಗ್ತಿದ್ರು. ಎಲ್ರಿಗೂ ಸರಿ ಅಂತ ಗೀಟು ಬೀಳ್ತಿತ್ತು. ನಾನು ಮಾಡಿದ್ದು ತಪ್ಪಾ?"

ಆಗಲೇ ನನಗೆ ಅವರ ಹದಿನಾಲ್ಕು ವರ್ಷ ಒಟ್ಟಿಗೆ ಕಣ್ಣಿಗೆ ಬಿದ್ದದ್ದು. ಪ್ರಯೋಗವೆಂದರೆ ಅವರ ಪಾಲಿಗೆ ಸಾಮಾನು ಪಾಸಾಗಬೇಕಾದ ಪರೀಕ್ಷೆ. ಉತ್ತರ ಮೊದಲೇ ಇರುತ್ತದೆ, ಸಾಮಾನನ್ನು ಅದಕ್ಕೆ ಒಗ್ಗಿಸಬೇಕು. ಯಾವ ಹುಡುಗನೂ ಮಾಡಲಾರದ ತಪ್ಪು ಇದು. ಎರಡು ಮೂರು ಚಮಚ ಮೇಣದಲ್ಲಿ ಇಡೀ ಪಟ್ಟಿಯನ್ನು ಮಟ್ಟಕ್ಕೆ ತರಬಲ್ಲ ಕೈ ಇದ್ದವರೇ ಮಾಡಬೇಕು.

"ಮಾಯಿ, ಉಲೆಮುನ ಕಟ್ಕೊಂಡಾಗ ಯಾಕೆ ಮುಂದೆ ಬಗ್ತೀರಿ?"

"ಬಗ್ಗದಿದ್ರೆ ಹಿಂದಕ್ಕೆ ಬೀಳ್ತೀನಿ. ಇದೆಂಥ ಪ್ರಶ್ನೆ."

"ಉಲೆಮು ನಿಮ್ಮ ಬೆನ್ನಿಗೆ ಬಂದ್ರೆ ನೀವು ಕೆಟ್ಟೋದ ಹಾಗಾಯ್ತಾ? ಎದೆಗೊಂದು ಮೋಂಬತ್ತಿ ಮೆತ್ಕೊಂಡು ನೆಟ್ಟಗೆ ನಿಲ್ತೀರಾ?"

ಅವರು ಸುಲಿಯುವುದನ್ನು ನಿಲ್ಲಿಸಿದರು.

"ಪಟ್ಟಿಗೂ ಅಷ್ಟೇ. ಒಂದು ಕಡೆ ಗಂಟು ಇರ್ತದೆ, ಇನ್ನೊಂದು ಕಡೆ ಗೆದ್ದಲು ತಿಂದಿರ್ತದೆ. ಅದು ನಿಲ್ಲೋ ಜಾಗ ಐವತ್ತರಲ್ಲಿ ಇರ್ಬೇಕಂತ ಇಲ್ಲ. ಎಲ್ಲಿ ನಿಲ್ತದೆ ಅಂತ ಅದನ್ನೇ ಕೇಳ್ಬೇಕು."

"ಕೇಳಿದರೆ ಏನು ಸಿಕ್ತದೆ?"

"ಬನ್ನಿ ತೋರಿಸ್ತೀನಿ."

ಉಲೆಮುವನ್ನು ಕಟ್ಟಿಕೊಂಡು ಇಬ್ಬರೂ ಪ್ರಯೋಗಾಲಯಕ್ಕೆ ಹೋದೆವು. ಒಂದು ಪಟ್ಟಿಯ ಮೇಣವನ್ನು ಅವರೇ ಚಾಕುವಿನಿಂದ ಕೆರೆದರು, ಗಾಯದ ಪಟ್ಟಿ ಬಿಚ್ಚುವಷ್ಟು ಮೆತ್ತಗೆ. ದಾರದಲ್ಲಿ ತೂಗುಹಾಕಿ ಸರಿಸಿದರೆ ಪಟ್ಟಿ ನಲವತ್ತೊಂಬತ್ತರ ಗೆರೆಯಲ್ಲಿ ನಿಂತಿತು. "ಪಟ್ಟಿಯ ಪೂರ್ತಿ ಭಾರ ಈ ಒಂದೇ ಜಾಗದಲ್ಲಿ ಇದೆ ಅಂತ ತಿಳ್ಕೊಳ್ಳಿ" ಎಂದೆ. ಆಮೇಲೆ ಐದರ ಗೆರೆಗೆ ನೂರು ಗ್ರಾಮ್ ಕಟ್ಟಿಸಿ, ದಾರವನ್ನು ಮತ್ತೆ ಸರಿಸಲು ಹೇಳಿದೆ. ಈ ಸಲ ಅವರ ಕೈ ಅವಸರ ಮಾಡಲಿಲ್ಲ. ಒಂದೊಂದೇ ಗೆರೆ ದಾಟಿಸುತ್ತ ಬಂದು ಇಪ್ಪತ್ತೊಂಬತ್ತರಲ್ಲಿ ಬಿಟ್ಟರು. ಪಟ್ಟಿ ಎರಡು ಸಲ ತಲೆದೂಗಿ ನಿಂತಿತು.

"ಈಗ ಲೆಕ್ಕ ಹಾಕಿ. ನೂರು ಗ್ರಾಮ್ ದಾರದಿಂದ ಎಷ್ಟು ದೂರ?"

"ಇಪ್ಪತ್ತನಾಲ್ಕು."

"ಈಚೆ ಕಡೆ ಬೇರೆ ತೂಕ ಯಾವುದೂ ಇಲ್ಲ. ಆದರೂ ನಿಂತಿದೆ. ಯಾರು ಹಿಡ್ಕೊಂಡಿದ್ದಾರೆ?"

ಅವರು ಪಟ್ಟಿಯನ್ನು ಬಹಳ ಹೊತ್ತು ನೋಡಿದರು. ಉಲೆಮು ಅವರ ಕಿವಿ ಹಿಡಿದೆಳೆಯುತ್ತಿದ್ದಳು, ಅದೂ ಗೊತ್ತಾಗಲಿಲ್ಲ. "ಇದೇ," ಎಂದರು ಮೆಲ್ಲಗೆ. "ಪಟ್ಟೀನೇ. ತನ್ನ ಭಾರದಲ್ಲಿ ತಾನೇ." ಕಪ್ಪುಹಲಗೆಯ ಕಡೆ ಹೋಗಲಿಲ್ಲ, ಅಂಗೈ ಮೇಲೆ ಬರೆದರು. ಅತ್ತ ನೂರು ಸಲ ಇಪ್ಪತ್ತನಾಲ್ಕು. ಇತ್ತ ಪಟ್ಟಿಯ ಭಾರ, ಇಪ್ಪತ್ತೊಂಬತ್ತರಿಂದ ನಲವತ್ತೊಂಬತ್ತಕ್ಕೆ ಇಪ್ಪತ್ತು. "ನೂರಿಪ್ಪತ್ತು. ಈ ಪಟ್ಟಿ ನೂರಿಪ್ಪತ್ತು ಗ್ರಾಮ್ ಇದೆ. ತಕ್ಕಡಿ ಇಲ್ಲದೆ."

ನಂಬಲಿಲ್ಲ. ಪಟ್ಟಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ನನ್ನ ಮಗಳನ್ನೂ ಹೊತ್ತುಕೊಂಡು ನೇರ ಸಂತೆಗೆ ಹೊರಟರು. ನಾನು ಹಿಂದೆಯೇ ಓಡಿದೆ. ತೊಗರಿ ವ್ಯಾಪಾರಿ ಕೋಲು ತೂಗಬೇಕೆಂದು ಯಾರಾದರೂ ಕೇಳಿದ್ದನ್ನು ಕಂಡಿರಲಿಲ್ಲ.

"ಮಾಯಿ, ಇದನ್ನ ಬೇಯಿಸ್ತೀರಾ?"

"ನೀನು ತೂಗು."

ಒಂದು ತಟ್ಟೆಯಲ್ಲಿ ಪಟ್ಟಿ, ಇನ್ನೊಂದರಲ್ಲಿ ನೂರರ ಬಟ್ಟು, ಮೇಲೆ ಇಪ್ಪತ್ತರದು. ಮುಳ್ಳು ನೆಟ್ಟಗೆ ನಿಂತಿತು. ಮಾಯಿ ಸುತ್ತ ನಿಂತವರನ್ನು ಒಮ್ಮೆ ನೋಡಿದರು, ಟೊಮೇಟೊದವಳನ್ನೂ. ಪಟ್ಟಿಯನ್ನು ಮತ್ತೆ ಕಂಕುಳಿಗೆ ಸೇರಿಸಿದರು. ದಾರಿಯಲ್ಲಿ ಮಾತ್ರ ನನಗೆ ಹೇಳಿದರು: "ಹದಿನಾಲ್ಕು ವರ್ಷ ಇದನ್ನ ಎತ್ತಿ ಇಳಿಸಿದೀನಿ. ಇದಕ್ಕೂ ಒಂದು ಭಾರ ಇದೆ ಅಂತ ಒಂದು ದಿನಾನೂ ಅನ್ನಿಸಿರ್ಲಿಲ್ಲ."

ಮರುದಿನ ಹನ್ನೆರಡು ಪಟ್ಟಿಗಳ ಮೇಣವೂ ಹೋಯಿತು. ತರಗತಿಯ ಮುಂದೆ ನಿಂತು ಮಾಯಿ ಮಕ್ಕಳಿಗೆ ಹೇಳಿದರು: "ಇಷ್ಟು ದಿನ ನಿಮಗೂ ನಿಮ್ಮ ಅಕ್ಕಂದಿರಿಗೂ ನಾನು ಸುಳ್ಳು ಪಟ್ಟಿ ಕೊಟ್ಟಿದ್ದೆ. ಇವತ್ತಿಂದ ಒಂದೊಂದು ಪಟ್ಟಿಯ ಬುದ್ಧಿಯೂ ಬೇರೆ. ಮುಟ್ಟಿ ಮಾತಾಡ್ಸಿ, ಆಮೇಲೆ ಬರೀರಿ."

"ಬುದ್ಧಿ ಬೇರೆ ಆದರೆ ಅಂಕ ಹೇಗೆ ಬರ್ತವೆ ಮಾಯಿ?" ಎಂದಳು ಎಸ್ನಾತಿ.

"ನಿನಗೂ ನಿನ್ನ ತಂಗಿಗೂ ಬುದ್ಧಿ ಬೇರೆ. ಇಬ್ಬರಿಗೂ ಊಟ ಹಾಕ್ತಾರಲ್ಲ ನಿಮ್ಮಮ್ಮ."

ಜೂನ್ ಕೊನೆಗೆ ಮುಚ್ಚಿದ ಲಕೋಟೆಯಲ್ಲಿ ಪರೀಕ್ಷೆಯ ಸೂಚನೆ ಬಂತು. ಏನೇನು ಸಾಮಾನು ಜೋಡಿಸಬೇಕು ಎಂದು ಅದರಲ್ಲಿರುತ್ತದೆ. ಮೊದಲೆಲ್ಲ ಅದನ್ನು ಬಿಚ್ಚಿ ಜೋಡಿಸುತ್ತಿದ್ದವರು ಮಾಯಿ. ಹೋದ ವರ್ಷದಂತೆ ಈ ವರ್ಷವೂ ಅವರು ಪರೀಕ್ಷೆಗೆ ಕೂರುವವರು, ಪ್ರಯೋಗಾಲಯದ ಹೊಸ್ತಿಲು ತುಳಿಯುವ ಹಾಗಿಲ್ಲ. ಹೆಡ್ಮಾಸ್ತರ ಎದುರು ಸೊಂಟದ ಕೀಲಿಕೈ ಬಿಚ್ಚಿ ನನ್ನ ಕೈಗಿಟ್ಟರು. ಆ ಜಾಗದಲ್ಲಿ ಕೋಟಿನ ಬಣ್ಣ ಮಾಸದೆ ಉಳಿದಿತ್ತು.

ಆಮೇಲಿನ ಎರಡು ವಾರ ನನಗೆ ಏನೂ ಸಿಗಲಿಲ್ಲ. ದಾರದ ಉಂಡೆ ಹುಡುಕಲು ಅರ್ಧ ದಿನ. ಬಾಗಿಲಾಚೆ ಅಂಗಳದಲ್ಲಿ ಕೂತು ಓದುತ್ತಿದ್ದ ಮಾಯಿಗೆ ನನ್ನ ಬಡಿದಾಟ ಕೇಳಿಸುತ್ತಿತ್ತು. ಮೂರನೇ ಕಪಾಟು ಎಂದು ಹೇಳಲು ಬಾಯಿ ತೆರೆದು ಮುಚ್ಚಿಕೊಳ್ಳುತ್ತಿದ್ದದ್ದು ನನಗೂ ಕಾಣುತ್ತಿತ್ತು. ಕೊನೆಗೆ ಎದ್ದು ಅಂಗಳದ ಆಚೆ ತುದಿಗೆ ಚಾಪೆ ಎಳೆದುಕೊಂಡು ಹೋದರು.

ಪರೀಕ್ಷೆಯ ದಿನ ಬೆಟ್ಟದಿಂದ ಚಿಪೆರೋನಿ ಇಳಿದಿತ್ತು, ಮೂಳೆಯವರೆಗೆ ತಣ್ಣಗಾಗಿಸುವ ಸೋನೆ. ಹನ್ನೊಂದು ಮಕ್ಕಳು, ಮಾಯಿ ಒಬ್ಬರು, ಪಟ್ಟಿಗಳೂ ಹನ್ನೆರಡು. ವಿಷಯದ ಟೀಚರು ಒಳಗಿರುವಂತಿಲ್ಲ, ಹೊರಗಿನ ಶಾಲೆಯಿಂದ ಮೇಲ್ವಿಚಾರಕರೊಬ್ಬರು ಬಂದಿದ್ದರು. ನಾನು ಉಲೆಮುವನ್ನು ತೂಗುತ್ತ ಎದುರಿನ ಜಗಲಿಯಲ್ಲಿ ನಿಂತಿದ್ದೆ. ಒಳಗೆ ನಡೆದದ್ದನ್ನು ಆಮೇಲೆ ಮಕ್ಕಳು ಹೇಳಿದ್ದು ಕೇಳಿ ಅಂದೇ ದಿನಚರಿಯಲ್ಲಿ ಬರೆದಿಟ್ಟೆ.

ಮೇಜಿನ ಮೇಲೆ ಮರಳಿನ ಗಂಟು, ಕಾಗದದಲ್ಲಿ ಸುತ್ತಿದ್ದು. ನೂರು ಗ್ರಾಮಿನ ತೂಕ ಮತ್ತು ಪಟ್ಟಿ ಬಳಸಿ ಗಂಟಿನ ತೂಕ ಕಂಡುಹಿಡಿಯಬೇಕು. ಶುರುವಾಗಿ ಹತ್ತು ನಿಮಿಷಕ್ಕೆ ಎಸ್ನಾತಿಯ ದಾರ ಜಾರಿ ಪಟ್ಟಿ ದಡಕ್ಕನೆ ಬಿತ್ತು. ಹದಿನಾಲ್ಕು ವರ್ಷ ಆ ಕೋಣೆಯಲ್ಲಿ ಏನು ಬಿದ್ದರೂ ಏನಾಗುತ್ತಿತ್ತೋ ಅದೇ ಆಯಿತು. "ಮಾಯಿ," ಎಂದಳು ಅವಳು. ಹನ್ನೊಂದು ತಲೆಗಳೂ ಒಟ್ಟಿಗೆ ಮಾಯಿಯ ಕಡೆ ತಿರುಗಿದವು.

"ಮನೇಲಿ ಕರೀ ನಿಮ್ಮಮ್ಮನ್ನ," ಎಂದರು ಮೇಲ್ವಿಚಾರಕರು. "ಇಲ್ಲಿ ಎಲ್ಲ ಅವರವರ ಕೆಲಸ."

ಮಾಯಿಯ ಕೈ ಆಗಲೇ ಮೇಜು ಬಿಟ್ಟು ಮೇಲೆದ್ದಿತ್ತು. ಎದ್ದು ಒಂದು ಗಂಟು ಹಾಕಿಕೊಟ್ಟಿದ್ದರೆ ಅವರ ಹಾಳೆ ಅಲ್ಲೇ ರದ್ದು. ಅವರು ಎರಡೂ ಕೈಗಳನ್ನು ತೊಡೆಯಡಿಗೆ ತೂರಿಸಿ ಕೂತು ಕಣ್ಣು ಮುಚ್ಚಿದರಂತೆ. ಎಸ್ನಾತಿ ಮೂಗು ಸೊರಗುಟ್ಟಿಸುತ್ತ ತಾನೇ ದಾರ ಎತ್ತಿಕೊಂಡು, ಎರಡು ಸುತ್ತು, ಒಂದು ಕುಣಿಕೆ, ಕಟ್ಟಿದಳು. ದಾರ ನಿಂತಿತು. ಅದಾದ ಮೇಲೆಯೇ ಮಾಯಿ ಕೈ ಹೊರತೆಗೆದದ್ದು.

ಎರಡು ಗಂಟೆ ಕಳೆದು ಬಾಗಿಲು ತೆರೆಯಿತು.

"ಅರವತ್ತು ಗ್ರಾಮ್," ಎಂದು ಎಸ್ನಾತಿ ಎಲ್ಲರಿಗಿಂತ ಮುಂದೆ ಬಂದಳು. "ಪಾಯಿಂಟಿಲ್ಲ ಗೀಯಿಂಟಿಲ್ಲ. ಎಷ್ಟು ಚೆಂದ ಬಂತು ಮಾಡಂ."

"ನಿಮ್ದು ಎಷ್ಟು ಬಂತು ಮಾಯಿ?" ಎಂದೆ.

ಮಾಯಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. "ಅರವತ್ತಮೂರು ಪಾಯಿಂಟ್ ಏಳು."

"ಅಯ್ಯೋ ಮಾಯಿ, ಅದೆಂಥ ಕುಂಟು ಉತ್ತರ," ಎಂದ ಹಿಂದಿನಿಂದ ಒಬ್ಬ.

"ಕುಂಟೇ. ನಂಗೂ ಬೇಜಾರಾಯ್ತು. ಮೂರು ಸಲ ಮಾಡಿದೆ. ಮೂರು ಸಲಾನೂ ಅಲ್ಲೇ ಹೋಗಿ ನಿಂತ್ಕೊಳ್ತು. ಇನ್ನು ನಾನೇನು ಮಾಡ್ಲಿ, ಬರೆದೆ."

ಆ ಹನ್ನೆರಡು ಗಂಟುಗಳನ್ನು ತೂಗಿ ಕಟ್ಟಿದವಳು ನಾನು. ಒಂದೊಂದೂ ಅರವತ್ತನಾಲ್ಕು ಗ್ರಾಮ್. ಎಸ್ನಾತಿ ಪಟ್ಟಿಯನ್ನು ಕೇಳದೆ ಐವತ್ತಕ್ಕೇ ದಾರ ಕಟ್ಟಿದ್ದಳು. ಅವಳ ಪಟ್ಟಿ ನಿಲ್ಲುವುದು ನಲವತ್ತೊಂಬತ್ತಕ್ಕೆ. ಆ ಒಂದು ಸೆಂಟಿಮೀಟರಿನಲ್ಲಿ ನಾಲ್ಕು ಗ್ರಾಮ್ ಜಾರಿಹೋಗಿತ್ತು. ನಾನು ಎಲ್ಲರೆದುರು ಅರವತ್ತನಾಲ್ಕು ಎಂದಾಗ ಮಾಯಿ ಜಗಲಿಯ ಕಂಬಕ್ಕೆ ಒರಗಿ, ಮಗುವನ್ನು ನನ್ನಿಂದ ಇಸಿದುಕೊಂಡು, ಅವಳ ಹೊಟ್ಟೆಗೆ ಮುಖ ಒತ್ತಿಕೊಂಡರು. ಆಮೇಲೆ ಎಸ್ನಾತಿಯ ತಲೆಗೆ ಮೊಟಕಿ, "ಗಂಟು ಚೆನ್ನಾಗಿ ಹಾಕಿದೆ. ಅದಕ್ಕೂ ಅಂಕ ಇದ್ದಿದ್ರೆ ಕೊಡ್ತಿದ್ದೆ" ಅಂದರು.

ಫಲಿತಾಂಶ ಬಂದ ದಿನ ಹೆಡ್ಮಾಸ್ತರ ಕೋಣೆಯ ಹೊರಗೆ ಅಡುಗೆಮನೆಯವರು, ಮಕ್ಕಳು, ಸಂತೆಯ ನಾಲ್ಕೈದು ಹೆಂಗಸರು. ಒಂಬತ್ತು ಬಂದರೆ ಫೇಲು, ಸಂಖ್ಯೆ ಇಳಿದಷ್ಟೂ ಒಳ್ಳೆಯದು. ನಜೊಂಬೆಯವರು ಕನ್ನಡಕ ಏರಿಸಿ ಫಲಿತಾಂಶದ ಪಟ್ಟಿಯಲ್ಲಿ ಬೆರಳಿಟ್ಟರು.

"ಲಿಕೊಂಗ್ವೆ, ಫೆಲೆಸಿತಾ. ಭೌತಶಾಸ್ತ್ರ. ಮೂರು."

"ಮೂರು ವಿಷಯ ಹೋಯ್ತಾ?" ಎಂದಳು ಟೊಮೇಟೊದವಳು, ಕಿಟಕಿಗೆ ಮೂಗೊತ್ತಿ.

"ಮೂರು ಅಂದ್ರೆ ಒಳ್ಳೇ ಕ್ರೆಡಿಟ್, ಬರೀ ಪಾಸಲ್ಲ," ಎಂದಳು ಎಸ್ನಾತಿ. ಅವಳಿಗೆ ಬಂದದ್ದು ಐದು. "ನಮ್ಮ ಶಾಲೇಲಿ ಯಾರಿಗೂ ಮೂರು ಬಂದಿಲ್ಲ."

ಟೊಮೇಟೊದವಳೇ ಮೊದಲು ನಾಲಿಗೆ ಆಡಿಸಿ ಸಂಭ್ರಮಕ್ಕೆ ಉಲಿದದ್ದು. ಮಿಕ್ಕ ಹೆಂಗಸರೂ ಸೇರಿಕೊಂಡರು. ಆ ಉಲಿಗೆ ಬೆಚ್ಚಿ ಉಲೆಮು ಅತ್ತಳು, ಅಡುಗೆಮನೆಯವರು ತಪ್ಪಲೆಯ ತಳ ಬಡಿದರು, ಹೆಡ್ಮಾಸ್ತರು ಎರಡು ಸಲ ಮೇಜು ಕುಟ್ಟಿ ಸುಮ್ಮನಾದರು. ಗದ್ದಲ ತಗ್ಗಿದ ಮೇಲೆ ಅವರು ಒಂದು ಕಾಗದ ಮುಂದೆ ಸರಿಸಿದರು. ಕೆಲಸದ ಆದೇಶ, ಸಹಿ ಹಾಕುವುದೊಂದೇ ಬಾಕಿ.

ನಾನಾಗಿದ್ದರೆ ಆ ಖುಷಿಯಲ್ಲಿ ಕಣ್ಣು ಮುಚ್ಚಿ ಸಹಿ ಹಾಕಿಬಿಡುತ್ತಿದ್ದೆ. ಮಾಯಿ ಕಾಗದವನ್ನು ಬೆಳಕಿಗೆ ಹಿಡಿದು, ಒಂದೊಂದೇ ಸಾಲಿಗೆ ಬೆರಳಿಟ್ಟು, ತುಟಿ ಆಡಿಸುತ್ತ ಓದಿದರು. ಬೆರಳು ಒಂದು ಕಡೆ ನಿಂತಿತು.

"ಬಾಂಬೊ ನಜೊಂಬೆ, ಪ್ರಯೋಗಾಲಯ ಸಹಾಯಕಿ ಅಂತ ಇದೆ, ಸರಿ. ಅದರ ಹಿಂದೆ ತಾತ್ಕಾಲಿಕ ಅಂತ ಯಾಕಿದೆ?"

"ಅದು ಹಳೇ ನಮೂನೆ ಮಾಯಿ. ಎಲ್ಲರಿಗೂ ಹಾಗೇ ಟೈಪ್ ಮಾಡಿರ್ತಾರೆ. ಸಹಿ ಹಾಕಿ, ಆಮೇಲೆ ನೋಡೋಣ."

"ನೋಡಿ ಆಮೇಲೆ ಬರೀಬೇಕು. ಬರೆದು ಆಮೇಲೆ ನೋಡೋದು ಅಲ್ಲ."

ಹೆಡ್ಮಾಸ್ತರು ನನ್ನ ಕಡೆ ನೋಡಿದರು. ನಾನು ಮಗುವನ್ನು ಸಮಾಧಾನ ಮಾಡುವುದರಲ್ಲಿ ಮುಳುಗಿದ್ದೆ. ಅವರು ನಿಟ್ಟುಸಿರಿಟ್ಟು, ಪೆನ್ನು ತೆಗೆದು, ಆ ಪದದ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ತಮ್ಮ ಕಿರುಸಹಿ ಹಾಕಿ, ಶಾಲೆಯ ಮೊಹರು ಒತ್ತಿದರು.

ಮಾಯಿ ಶಾಯಿ ಆರುವವರೆಗೆ ಕಾದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಇಡೀ ಹೆಸರು ಬರೆದು ಸಹಿ ಮಾಡಿದರು.